ದ್ವೀಪಗಳ ವನ್ಯಜೀವಿ ಪ್ರವಾಸ: ಮೊದಲು ಕಡಲಿನ ಪಂಚಾಂಗ, ಆಮೇಲೆ ವಿಮಾನದ ಟಿಕೆಟ್

ರಜೆ ಸಮೀಪಿಸುತ್ತಿದ್ದಂತೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಮನೆಗಳಲ್ಲಿ ಪ್ರವಾಸದ ಚರ್ಚೆ ಆರಂಭವಾಗುತ್ತದೆ. ಬಂಡೀಪುರ, ನಾಗರಹೊಳೆ, ಕಬಿನಿಗಳನ್ನು ನೋಡಿ ಬಂದ ಅನೇಕ ಕುಟುಂಬಗಳ ಕಣ್ಣು ಈಗ ಕಡಲಿನ ಕಡೆಗೆ ಹೊರಳಿದೆ. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗುತ್ತಾ ಹವಳದ ದಿಬ್ಬ, ಬಣ್ಣದ ಮೀನು, ಕಡಲ ಹದ್ದು, ಆಮೆಗಳನ್ನು ಕಾಣುವ ಪ್ರವಾಸಕ್ಕೆ ಮಕ್ಕಳೂ ಹಿರಿಯರೂ ಸಮಾನವಾಗಿ ಮನಸೋಲುತ್ತಾರೆ. ಉತ್ತರ ಬೆಂಗಳೂರಿನವರಿಗೆ ಇದಕ್ಕೆ ಎರಡು ಅನುಕೂಲಗಳಿವೆ. ಬಳ್ಳಾರಿ ರಸ್ತೆ ಹಿಡಿದರೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಹತ್ತಿರ. ಕರಾವಳಿಗೆ ಸಾಗುವ ರೈಲು ಯಶವಂತಪುರದ ಮೂಲಕವೇ ಹಾದುಹೋಗುತ್ತದೆ.

ಆದರೆ ಇಂತಹ ಪ್ರವಾಸದಲ್ಲಿ ಹಣ ಹೆಚ್ಚಾಗಿ ಪೋಲಾಗುವುದು ಸಿದ್ಧತೆಯ ಕ್ರಮ ತಪ್ಪಿದಾಗ. ಸಾಮಾನ್ಯವಾಗಿ ನಾವು ಮಾಡುವುದೇನು? ರಿಯಾಯಿತಿ ದರದ ವಿಮಾನ ಟಿಕೆಟ್ ಕಂಡೊಡನೆ ಕೊಳ್ಳುತ್ತೇವೆ, ಬಳಿಕ ಹೋಟೆಲ್ ಹುಡುಕುತ್ತೇವೆ, ಏನು ನೋಡಬೇಕೆಂಬುದನ್ನು ಕೊನೆಗೆ ಯೋಚಿಸುತ್ತೇವೆ. ಊಟಿಗೋ ಮಡಿಕೇರಿಗೋ ಹೋಗಲು ಈ ಕ್ರಮ ಸಾಕು. ದ್ವೀಪಕ್ಕೆ ಹೊರಟವರಿಗೆ ಇದು ಹೊಂದುವುದಿಲ್ಲ. ಅಲ್ಲಿ ಮೊದಲು ಋತುಮಾನ, ನಂತರ ಅನುಮತಿ, ಆನಂತರ ದೋಣಿ, ಅದಾದ ಮೇಲೆ ವಸತಿ, ಕಟ್ಟಕಡೆಗೆ ವಿಮಾನ ಅಥವಾ ರೈಲಿನ ಟಿಕೆಟ್. ಇವೆಲ್ಲದರ ಜೊತೆಗೆ ಒಂದು ಬಿಡುವಿನ ದಿನವನ್ನೂ ಅದಕ್ಕೆ ತಗಲುವ ಹಣವನ್ನೂ ಮೀಸಲಿಡಬೇಕು.

ಎರಡು ಕಡಲು, ಎರಡು ಪಂಚಾಂಗ

ಕನ್ನಡಿಗರ ಕೈಗೆಟಕುವ ದ್ವೀಪಗಳು ಎರಡು ಕಡಲುಗಳಲ್ಲಿವೆ. ಮುರುಡೇಶ್ವರದ ಎದುರಿನ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳು ಮತ್ತು ಲಕ್ಷದ್ವೀಪ ಅರಬ್ಬಿ ಸಮುದ್ರಕ್ಕೆ ಸೇರಿದವು. ಅಂಡಮಾನ್ ದ್ವೀಪಗಳು ಬಂಗಾಳ ಕೊಲ್ಲಿಯ ಆಚೆಗಿವೆ. ಇವುಗಳ ಹವಾಮಾನ ಒಂದೇ ಬಗೆಯದಲ್ಲ.

ಅರಬ್ಬಿ ಸಮುದ್ರದಲ್ಲಿ ನೈಋತ್ಯ ಮುಂಗಾರಿನ ತಿಂಗಳುಗಳು ಪ್ರವಾಸಕ್ಕೆ ಸಲ್ಲುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮಲ್ಪೆಯ ಪ್ರವಾಸಿ ದೋಣಿಗಳು, ನೇತ್ರಾಣಿಯ ಸ್ಕೂಬಾ ದೋಣಿಗಳು ಸೆಪ್ಟೆಂಬರ್ ಕಳೆಯುವವರೆಗೂ ವಿಶ್ರಮಿಸುತ್ತವೆ. ಅಕ್ಟೋಬರ್‌ನಿಂದ ಮೇ ತಿಂಗಳ ಆರಂಭದವರೆಗೆ ಇಲ್ಲಿನ ಕಡಲು ಸಾಮಾನ್ಯವಾಗಿ ಶಾಂತ.

ಅಂಡಮಾನ್‌ಗೆ ಎರಡು ಮಳೆಗಾಲ. ಮೇ ತಿಂಗಳಲ್ಲಿ ಆರಂಭವಾಗುವ ನೈಋತ್ಯ ಮಾರುತದ ಬೆನ್ನಿಗೇ ಈಶಾನ್ಯ ಮಾರುತ ಬರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೂ ಏಳುತ್ತವೆ. 2016ರ ಡಿಸೆಂಬರ್‌ನಲ್ಲಿ ಇಂತಹ ಹವಾಮಾನಕ್ಕೆ ಸಿಲುಕಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಉಳಿದುಹೋದರು. ಅವರನ್ನು ಕರೆತರಲು ನೌಕಾಪಡೆಯ ಹಡಗುಗಳೇ ಹೋಗಬೇಕಾಯಿತು. ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಅಲ್ಲಿ ಉತ್ತಮ.

ಇದನ್ನು ನಮ್ಮ ಶಾಲಾ ರಜೆಗಳೊಂದಿಗೆ ಹೊಂದಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ದಸರಾ ರಜೆಗೆ ಕರ್ನಾಟಕದ ಕರಾವಳಿಯನ್ನು ಆಯ್ದುಕೊಳ್ಳುವುದು ಲೇಸು. ಅಂಡಮಾನ್ ಆಗ ಅದೃಷ್ಟದ ಆಟ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಆರಂಭವಾಗುತ್ತಲೇ ಹೊರಟರೆ ಅಂಡಮಾನ್ ಸೂಕ್ತ. ಮೇ ತಿಂಗಳ ಎರಡನೆಯ ಅರ್ಧದಲ್ಲಿ ದ್ವೀಪದ ಆಸೆ ಬಿಟ್ಟು ಬೇರೆಡೆ ಹೋಗುವುದು ಜಾಣತನ. ಆ ದಿನಗಳಲ್ಲಿ ಟಿಕೆಟ್ ಅಗ್ಗವಾಗಿ ಸಿಗುವುದಕ್ಕೆ ಕಾರಣವೂ ಇದೇ.

ಅನುಮತಿ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆ

ಭಾರತೀಯರು ಅಂಡಮಾನ್‌ನ ಪ್ರಮುಖ ಪ್ರವಾಸಿ ದ್ವೀಪಗಳಿಗೆ ಹೋಗಲು ವಿಶೇಷ ಪರವಾನಗಿ ಬೇಕಿಲ್ಲ. ಆದರೆ ಸಾಗರ ರಾಷ್ಟ್ರೀಯ ಉದ್ಯಾನದೊಳಗಿನ ದ್ವೀಪಗಳಿಗೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ನಿಕೋಬಾರ್‌ನ ಬುಡಕಟ್ಟು ಪ್ರದೇಶಗಳು ಸಾಮಾನ್ಯ ಪ್ರವಾಸಿಗರಿಗೆ ತೆರೆದಿಲ್ಲ.

ಲಕ್ಷದ್ವೀಪದ ನಿಯಮ ಇನ್ನೂ ಬಿಗಿ. ಹೊರಗಿನಿಂದ ಬರುವ ಪ್ರತಿಯೊಬ್ಬರೂ ಪ್ರವೇಶ ಪರವಾನಗಿ ಪಡೆದಿರಬೇಕು. ಈ ದ್ವೀಪಗಳೊಂದಿಗೆ ನಮ್ಮ ನಂಟು ಹಳೆಯದು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೆ ಅಮಿನಿ, ಕದ್ಮತ್, ಕಿಲ್ತಾನ್ ಮೊದಲಾದ ಅಮಿನಿದೀವಿ ದ್ವೀಪಗಳ ಆಡಳಿತ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮಂಗಳೂರಿನ ಹಳೆ ಬಂದರಿನಿಂದ ಸರಕು ತುಂಬಿದ ಮಂಜಿಗಳು ಅಲ್ಲಿಗೆ ಸಾಗುತ್ತಾ ಬಂದಿವೆ. ಹಡಗಿನಲ್ಲೇ ರಾತ್ರಿ ತಂಗಿ ಹಗಲು ಹೊತ್ತು ಒಂದೊಂದು ದ್ವೀಪಕ್ಕೆ ಇಳಿಯುವ, ನೌಕಾವಿಹಾರಕ್ಕೆ ಅತಿ ಹತ್ತಿರವಾದ 'ಸಮುದ್ರಂ' ಯೋಜನೆಯನ್ನು ಲಕ್ಷದ್ವೀಪದ ಪ್ರವಾಸೋದ್ಯಮ ಸಂಸ್ಥೆಯೇ ಕೊಚ್ಚಿಯಿಂದ ರೂಪಿಸಿತ್ತು. 2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಅಗಟ್ಟಿಗೆ ಇಂಡಿಗೋ ನೇರ ವಿಮಾನವನ್ನೂ ಆರಂಭಿಸಿತು. ಆದರೂ ಪರವಾನಗಿ ಮತ್ತು ವಸತಿ ಖಚಿತವಾಗದೆ ಟಿಕೆಟ್ ಕೊಳ್ಳುವುದು ಲಗ್ನಪತ್ರಿಕೆಗೆ ಮುನ್ನ ಛತ್ರಕ್ಕೆ ಪೂರ್ತಿ ಹಣ ಕಟ್ಟಿದಂತೆ. ಹಡಗು, ವಿಮಾನಗಳ ವೇಳಾಪಟ್ಟಿಯನ್ನೂ ಆಯಾ ಋತುವಿನಲ್ಲಿ ಹೊಸದಾಗಿ ವಿಚಾರಿಸಿಕೊಳ್ಳಬೇಕು.

ದೋಣಿಯಲ್ಲಿ ಉಳಿತಾಯ ಬೇಡ

ದ್ವೀಪ ಪ್ರವಾಸದಲ್ಲಿ ಹೋಟೆಲಿನ ದರ್ಜೆ ಇಳಿಸಬಹುದು, ಊಟದ ಖರ್ಚು ತಗ್ಗಿಸಬಹುದು. ದೋಣಿಯ ವಿಷಯದಲ್ಲಿ ಚೌಕಾಶಿ ಸಲ್ಲದು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೆ ಐದು ವರ್ಷ ಮೊದಲು, 2014ರ ಜನವರಿ 26ರಂದು, ಅಂಡಮಾನ್‌ನ ರಾಸ್ ದ್ವೀಪದ ಬಳಿ ಪ್ರವಾಸಿಗರ ದೋಣಿ ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎರಡೂ ದೋಣಿಗಳಲ್ಲಿ ಮಿತಿ ಮೀರಿದ ಜನರಿದ್ದರೆಂಬ ಸಂಗತಿ ಹೊರಬಂತು.

ಈ ಎರಡು ದಿನಾಂಕಗಳನ್ನು ಗಮನಿಸಬೇಕು. ಎರಡೂ ಜನವರಿಯವು, ಅಂದರೆ ಕಡಲು ಶಾಂತವಾಗಿರುವ ಕಾಲದವು. ಒಂದು ಜಾತ್ರೆಯ ದಿನ, ಇನ್ನೊಂದು ರಾಷ್ಟ್ರೀಯ ರಜೆ. ಒಳ್ಳೆಯ ಋತುವನ್ನು ಆಯ್ದುಕೊಂಡ ಮಾತ್ರಕ್ಕೆ ಸುರಕ್ಷತೆ ಸಿಕ್ಕಿತೆಂದು ಭಾವಿಸಬಾರದು. ಜನಜಂಗುಳಿಯ ದಿನವೇ ಪ್ರತ್ಯೇಕವಾದ ಅಪಾಯ. ಆದ್ದರಿಂದ ದೋಣಿ ವಿಹಾರವನ್ನು ವಾರದ ನಡುವಿನ ದಿನಕ್ಕೆ ಇಟ್ಟುಕೊಳ್ಳುವುದು ಕ್ಷೇಮ. ದರವೂ ಆಗ ಕಡಿಮೆ ಇರುವ ಸಂಭವ ಹೆಚ್ಚು.

ದೋಣಿ ಹತ್ತುವ ಮುನ್ನ ಮೂರು ಪ್ರಶ್ನೆ ಕೇಳಿ. ಎಷ್ಟು ಜನರಿಗೆ ಪರವಾನಗಿ ಇದೆ? ಎಷ್ಟು ಜನ ಹತ್ತಿದ್ದಾರೆ? ಮಕ್ಕಳ ಅಳತೆಯ ಜೀವರಕ್ಷಕ ಜಾಕೆಟ್ ಇದೆಯೇ? ಉತ್ತರ ಸಮಾಧಾನಕರವಾಗಿರದಿದ್ದರೆ ಕೊಟ್ಟ ಹಣ ಹೋದರೂ ಚಿಂತೆಯಿಲ್ಲ, ಇಳಿದುಬಿಡುವುದು ಮೇಲು. ದಡದಲ್ಲೂ ಎಚ್ಚರ ಅಗತ್ಯ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನ ಪಾಲಾದದ್ದನ್ನು ಯಾರೂ ಮರೆಯಬಾರದು.

ಹತ್ತಿರದ ನೀರಿನಿಂದ ಆರಂಭಿಸಿ

ಲಕ್ಷಾಂತರ ರೂಪಾಯಿ ವೆಚ್ಚ ಮಾಡುವ ಮೊದಲು ಮನೆಮಂದಿಯ ಆಸಕ್ತಿ ಎಷ್ಟೆಂದು ಅಳೆಯುವುದು ಒಳ್ಳೆಯದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಬೆಳಗಿನ ಎರಡು ಗಂಟೆ ಅಲ್ಲಿ ಅಥವಾ ಹೆಬ್ಬಾಳ ಕೆರೆಯ ದಂಡೆಯಲ್ಲಿ ಕಳೆದರೆ ಮಕ್ಕಳಿಗೆ ದುರ್ಬೀನು ಹಿಡಿಯುವುದು, ಸದ್ದಿಲ್ಲದೆ ನಿಲ್ಲುವುದು ರೂಢಿಯಾಗುತ್ತದೆ. ದುಬಾರಿ ದುರ್ಬೀನು ಬೇಕೇ, ಬೇಡವೇ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

ಎರಡನೆಯ ಪಾಠಕ್ಕೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಇದೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿ ಸಂರಕ್ಷಿಸಿದ ಕಾವೇರಿಯ ಈ ಕಿರುದ್ವೀಪಗಳು 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದವು. ಗೂಡು ಕಟ್ಟಿದ ಕೊಕ್ಕರೆಗಳನ್ನೂ ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನೂ ದೋಣಿಯಿಂದ ದೂರವಿಟ್ಟು ನೋಡುವ ಶಿಸ್ತು ಇಲ್ಲಿ ಒಂದೇ ದಿನದಲ್ಲಿ, ಕಡಿಮೆ ಖರ್ಚಿನಲ್ಲಿ ಕಲಿಯಲು ಸಿಗುತ್ತದೆ. ದೋಣಿಯ ಭಯ ಯಾರಿಗಿದೆ ಎಂಬುದೂ ತಿಳಿಯುತ್ತದೆ.

ಮೂರನೆಯ ಹಂತ ನೇತ್ರಾಣಿ. ಭಟ್ಕಳ ತಾಲ್ಲೂಕಿಗೆ ಸೇರಿದ ಈ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಹಿಂದೆ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾಗಿದ್ದ ಇಲ್ಲಿನ ಕಡಿದಾದ ಬಂಡೆಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಸುತ್ತಲಿನ ನೀರಿನಲ್ಲಿ ಹವಳಗಳಿವೆ. ಯಶವಂತಪುರದ ಮೂಲಕ ಸಾಗುವ ಬೆಂಗಳೂರು-ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿಯ ಪ್ರಯಾಣಕ್ಕೆ ಅನುಕೂಲ. ವಾರಾಂತ್ಯಕ್ಕೆ ಒಂದು ದಿನ ಸೇರಿಸಿಕೊಂಡರೆ ಕೆಲಸವಾಯಿತು. ಜನವರಿಯಿಂದ ಮಾರ್ಚ್ ನಡುವೆ ಹೋದವರು ಹೊನ್ನಾವರದ ಆಸುಪಾಸಿನ ಕಡಲತೀರಗಳಲ್ಲಿ ಅರಣ್ಯ ಇಲಾಖೆ ಕಾಯುವ ಕಡಲಾಮೆಯ ಗೂಡುಗಳ ಬಗ್ಗೆ ವಿಚಾರಿಸಬಹುದು.

ಸ್ಕೂಬಾ ಡೈವಿಂಗ್ ಮಾಡುವವರು ಒಂದು ಸಂಗತಿ ನೆನಪಿಡಬೇಕು. ನೀರಿನಾಳಕ್ಕೆ ಇಳಿದು ಬಂದ ಮೇಲೆ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಆದುದರಿಂದ 18ರಿಂದ 24 ಗಂಟೆ ವಿಮಾನ ಏರಬಾರದೆಂಬ ನಿಯಮವನ್ನು ಸಾಮಾನ್ಯವಾಗಿ ಪಾಲಿಸಲಾಗುತ್ತದೆ. ಅಂದೇ ಘಟ್ಟ ಹತ್ತಿ ಬೆಂಗಳೂರಿನ ಎತ್ತರಕ್ಕೆ ಬರುವುದೂ ಇದೇ ಎಚ್ಚರಿಕೆಯ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಡೈವಿಂಗ್ ಮೊದಲ ದಿನಕ್ಕೆ, ದೇವಸ್ಥಾನ ಮತ್ತು ಪೇಟೆ ಎರಡನೆಯ ದಿನಕ್ಕೆ ಇರಲಿ. ಉಬ್ಬಸ, ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು.

ಅಂಡಮಾನ್: ಏಳು ದಿನಗಳ ಹಂಚಿಕೆ

ಬೆಂಗಳೂರಿನಿಂದ ನೇರ ವಿಮಾನವಾದರೆ ಸುಮಾರು ಎರಡೂವರೆ ಗಂಟೆಯ ಪಯಣ. ಪೋರ್ಟ್ ಬ್ಲೇರ್ ನಗರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣವಾಗಿದೆ. ಹ್ಯಾವ್‌ಲಾಕ್, ನೀಲ್, ರಾಸ್ ದ್ವೀಪಗಳು 2018ರಿಂದ ಕ್ರಮವಾಗಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ, ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎನಿಸಿವೆ. ಟಿಕೆಟ್‌ಗಳಲ್ಲಿ ಹಳೆಯ ಹೆಸರು ಕಂಡರೆ ಗೊಂದಲ ಬೇಡ. ಸಮಯವಿದ್ದು ಹಣ ಉಳಿಸಬೇಕೆನ್ನುವವರಿಗೆ ಚೆನ್ನೈನಿಂದ ಸುಮಾರು ಮೂರು ದಿನ ಸಾಗುವ ಪ್ರಯಾಣಿಕರ ಹಡಗು ಇನ್ನೊಂದು ದಾರಿ. ಅದು ದಿನವೂ ಹೊರಡುವುದಿಲ್ಲ.

ಅಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ ಮುಳುಗುತ್ತಾನೆ. ದೇಶದ ಪೂರ್ವದಂಚಿನಲ್ಲಿರುವ ಕಾರಣ ಸಂಜೆ ಐದರಿಂದ ಐದೂವರೆ ಗಂಟೆಗೆಲ್ಲ ಕತ್ತಲಾಗತೊಡಗುತ್ತದೆ. ಬೆಳಗಿನ ತಿಂಡಿ ಒಂಬತ್ತಕ್ಕೆ ಎನ್ನುವ ಅಭ್ಯಾಸವನ್ನು ಬೆಂಗಳೂರಿನಲ್ಲೇ ಬಿಟ್ಟು ಹೋಗಬೇಕು.

ಮೊದಲ ದಿನ ವಿಶ್ರಾಂತಿ. ಸಂಜೆ ಚಿಡಿಯಾ ಟಾಪುವಿನ ಕಾಡಂಚಿನಲ್ಲಿ ಪಕ್ಷಿ ವೀಕ್ಷಣೆ. ಎರಡನೆಯ ದಿನ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ. 1983ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ದ್ವೀಪಗಳಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬೆರಡನ್ನು ಸರದಿಯ ಮೇಲೆ ತೆರೆಯುತ್ತಾರೆ; ಒಂದು ಜನರಿಗೆ ತೆರೆದಿರುವಾಗ ಇನ್ನೊಂದರ ಹವಳಕ್ಕೆ ವಿರಾಮ. ಸೋಮವಾರ ರಜೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಗಾಜಿನ ತಳದ ದೋಣಿಯಲ್ಲಿ ಈಜು ಬಾರದ ಅಜ್ಜ-ಅಜ್ಜಿಯರೂ ಹವಳ ನೋಡಬಹುದು. ಮೂರು ಮತ್ತು ನಾಲ್ಕನೆಯ ದಿನ ಸ್ವರಾಜ್ ದ್ವೀಪ, ಐದನೆಯ ದಿನ ಶಹೀದ್ ದ್ವೀಪ. ಇಲ್ಲಿ ಇಳಿತದ ವೇಳೆಯನ್ನು ಮೊದಲೇ ತಿಳಿದುಕೊಳ್ಳಿ. ನೀರು ಹಿಂದೆ ಸರಿದಾಗಲಷ್ಟೇ ಬಂಡೆಗುಳಿಗಳ ಜೀವಿಗಳು ಕಾಣುತ್ತವೆ. ಆರನೆಯ ದಿನ ಶ್ರೀ ವಿಜಯಪುರಂಗೆ ವಾಪಸ್. ಏಳನೆಯ ದಿನ ವಿಮಾನ.

ಆರನೆಯ ದಿನವೇ ಮರಳಬೇಕೆನ್ನುವುದು ಈ ಪಟ್ಟಿಯ ಜೀವಾಳ. ವಿಮಾನ ಹೊರಡುವ ದಿನವೇ ಸ್ವರಾಜ್ ದ್ವೀಪದಿಂದ ದೋಣಿ ಹಿಡಿಯುವ ಸಾಹಸ ಮಾಡಬಾರದು. ಗಾಳಿ ಬೀಸಿ ದೋಣಿ ರದ್ದಾದರೆ ದೋಣಿಯ ಹಣ ಮರಳಿ ಬರಬಹುದು. ತಪ್ಪಿದ ವಿಮಾನದ ಹಣ, ಹೋಟೆಲಿನ ಹೆಚ್ಚುವರಿ ರಾತ್ರಿಯ ಹಣ ನಿಮ್ಮ ಜೇಬಿನಿಂದಲೇ ಹೋಗಬೇಕು. ದೋಣಿ ಸರಿಯಾಗಿ ಬಂದರೆ ಉಳಿದ ಸಮಯಕ್ಕೆ ನೇತಾಜಿ ದ್ವೀಪವಿದೆ. ಅಲ್ಲಿ ಜಿಂಕೆಗಳು ಮೈಗೆ ತಾಗುವಷ್ಟು ಹತ್ತಿರ ಬರುತ್ತವೆ. ಬಂಡೀಪುರದಲ್ಲಿ ಹುಲಿಗೆ ಆಹಾರವಾಗಿ ಕಾಡಿನ ಸಮತೋಲ ಕಾಯುವ ಇದೇ ಚುಕ್ಕೆ ಜಿಂಕೆ ಅಂಡಮಾನ್‌ನ ಮೂಲನಿವಾಸಿಯಲ್ಲ. ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ಬೇಟೆಯಾಡುವ ಪ್ರಾಣಿಯಿಲ್ಲದೆ ಹೆಚ್ಚಿ ಎಳೆ ಸಸಿಗಳನ್ನು ಮೇಯ್ದು ಕಾಡಿನ ಪುನರುತ್ಪತ್ತಿಗೇ ತೊಡಕಾಗಿದೆ. ಮಕ್ಕಳಿಗೆ ದ್ವೀಪದ ಪರಿಸರ ಎಷ್ಟು ಸೂಕ್ಷ್ಮವೆಂದು ತಿಳಿಸಲು ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಇನ್ನೊಂದು ಮಾತು. ಬಾರಾಟಾಂಗ್‌ಗೆ ಹೋಗುವ ರಸ್ತೆ ಜಾರವಾ ಜನರ ಮೀಸಲು ಪ್ರದೇಶದ ಮೂಲಕ ಹಾದುಹೋಗುತ್ತದೆ. ಅವರ ಚಿತ್ರ ತೆಗೆಯುವುದು, ತಿನಿಸು ಕೊಡುವುದು ಶಿಕ್ಷಾರ್ಹ. ಅವರನ್ನು 'ತೋರಿಸುತ್ತೇವೆ' ಎಂದು ಯಾರಾದರೂ ಹೇಳಿದರೆ ಅಂತಹವರ ಪ್ಯಾಕೇಜನ್ನೇ ತಿರಸ್ಕರಿಸಬೇಕು.

ಎರಡು ಲಕ್ಷದ ಲೆಕ್ಕ

ನಾಲ್ಕು ಮಂದಿಯ ಕುಟುಂಬ ಏಳು ದಿನ, ಆರು ರಾತ್ರಿಗಳ ಅಂಡಮಾನ್ ಪ್ರವಾಸಕ್ಕೆ 2 ಲಕ್ಷ ರೂಪಾಯಿ ಮಿತಿ ಹಾಕಿಕೊಂಡಿದೆ ಎಂದು ಭಾವಿಸೋಣ. ಹಂಚಿಕೆ ಹೀಗಿರಬಹುದು.

ವಿಮಾನ (ಹೋಗಿ ಬರಲು): 80,000 ರೂ.
ವಸತಿ (ಎರಡು ಕೋಣೆ, 6 ರಾತ್ರಿ): 42,000 ರೂ.
ದೋಣಿ, ಪ್ರವೇಶ ಶುಲ್ಕ, ಅನುಮತಿ: 26,000 ರೂ.
ಊಟ, ತಿಂಡಿ: 18,000 ರೂ.
ಬಾಡಿಗೆ ವಾಹನ, ಬೆಂಗಳೂರಿನ ವಿಮಾನ ನಿಲ್ದಾಣದ ಓಡಾಟ ಸೇರಿ: 14,000 ರೂ.
ಮೀಸಲು ಹಣ: 20,000 ರೂ.

ಇದು ಮಾದರಿ ಮಾತ್ರ. ಆಯಾ ದಿನದ ದರ ವಿಚಾರಿಸಿ ಅಂಕಿಗಳನ್ನು ತಿದ್ದಿಕೊಳ್ಳಬೇಕು. ವಿಮಾನದ ದರ 80 ಸಾವಿರ ಮೀರಿದರೆ ಏನು ಮಾಡುವುದು? ಎಲ್ಲರೂ ಮೊದಲು ಕೈಹಾಕುವುದು ಮೀಸಲು ಹಣಕ್ಕೆ, ನಂತರ ದೋಣಿಯ ಬಾಬ್ತಿಗೆ. ಈ ಎರಡನ್ನು ಮುಟ್ಟಬಾರದು. ಬದಲಾಗಿ ಪ್ರಯಾಣದ ದಿನವನ್ನು ವಾರದ ನಡುವಿಗೆ ಸರಿಸಿ, ಶಹೀದ್ ದ್ವೀಪವನ್ನು ಕೈಬಿಟ್ಟು ಒಂದು ರಾತ್ರಿ ತಗ್ಗಿಸಿ, ಇಲ್ಲವೇ ಪ್ರವಾಸವನ್ನೇ ಮುಂದಿನ ವರ್ಷಕ್ಕೆ ಮುಂದೂಡಿ ನೇತ್ರಾಣಿಗೆ ಹೋಗಿ ಬನ್ನಿ. ಸಾಲ ಮಾಡಿ ದ್ವೀಪ ನೋಡಿದವನಿಗೆ ದಡ ಸೇರಿದ ಮೇಲೂ ಕಂತು ಮುಗಿಯುವುದಿಲ್ಲ.

ಪ್ರಯಾಣ ವಿಮೆ ಕೊಳ್ಳುವವರು ಹವಾಮಾನದಿಂದಾಗುವ ರದ್ದತಿ ಮತ್ತು ಸ್ಕೂಬಾ ಅಪಘಾತ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಬೇಕು. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಾಗರದಡಿಯ ಕೇಬಲ್ ಬಂದ ಮೇಲೆ ಅಲ್ಲಿನ ಅಂತರ್ಜಾಲ ಸುಧಾರಿಸಿದೆ. ಆದರೂ ಸಣ್ಣ ದ್ವೀಪಗಳಿಗೆ ಸ್ವಲ್ಪ ನಗದು ಒಯ್ಯುವುದು ಕ್ಷೇಮ.

ಶುಲ್ಕ ಏಕೆ?

ಪ್ರವೇಶ ಶುಲ್ಕ, ಅನುಮತಿ, ಪ್ಲಾಸ್ಟಿಕ್ ನಿಷೇಧ ಇವೆಲ್ಲ ಕಿರಿಕಿರಿಯೆಂದು ತೋರಬಹುದು. ವಿಶ್ವದ ಅತಿ ಪ್ರಸಿದ್ಧ ವನ್ಯಜೀವಿ ನೌಕಾವಿಹಾರ ನಡೆಯುವ ಈಕ್ವೆಡಾರ್‌ನ ಗ್ಯಾಲಪಗೋಸ್ ದ್ವೀಪಗಳಲ್ಲಿ 2024ರ ಆಗಸ್ಟ್ 1ರಿಂದ ಬಹುತೇಕ ವಿದೇಶಿ ವಯಸ್ಕರ ಪ್ರವೇಶ ಶುಲ್ಕವನ್ನು 100 ಡಾಲರಿನಿಂದ 200 ಡಾಲರಿಗೆ ಏರಿಸಲಾಯಿತು. ಅಲ್ಲಿ ಒಂದು ವಿಹಾರ ನೌಕೆಯಲ್ಲಿ 100ಕ್ಕಿಂತ ಹೆಚ್ಚು ಪ್ರವಾಸಿಗರು ಇರುವಂತಿಲ್ಲ; ಪ್ರಾಣಿಗಳಿಂದ ಕನಿಷ್ಠ ಎರಡು ಮೀಟರ್ ದೂರ ನಿಲ್ಲಬೇಕು. ನಮ್ಮ ದ್ವೀಪಗಳಿಗೂ ಇಂತಹ ಶಿಸ್ತು ಬೇಕಾಗಿದೆ. 2010ರಲ್ಲಿ ಕಡಲ ನೀರು ಬಿಸಿಯೇರಿದಾಗ ಅಂಡಮಾನ್‌ನ ಹವಳ ಭಾರಿ ಪ್ರಮಾಣದಲ್ಲಿ ಬಿಳಿಚಿಕೊಂಡಿತು. ಬಿಸಿಯಿಂದ ಬಳಲಿದ ಹವಳವನ್ನು ಕಾಲಿನಿಂದ ತುಳಿಯುವ ಪ್ರವಾಸಿಗ ಎರಡನೆಯ ಪೆಟ್ಟು ಕೊಟ್ಟಂತೆ. ಹವಳದ ತುಂಡು, ಸಂರಕ್ಷಿತ ಚಿಪ್ಪುಗಳನ್ನು ನೆನಪಿಗೆಂದು ತರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ.

ವನ್ಯಜೀವಿ ದರ್ಶನದ ಭರವಸೆಯನ್ನು ಯಾರೂ ಮಾರಲಾರರು ಎಂಬುದನ್ನೂ ಅರಿತಿರಬೇಕು. ಅಂಡಮಾನ್‌ನ ರಾಜ್ಯಪ್ರಾಣಿ ಕಡಲಹಸುವನ್ನು ಕಂಡವರು ವಿರಳ. ಹವಳ, ಮೀನು, ಗಿಳಿ, ಹದ್ದುಗಳನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾಗದು.

ಹೊರಡುವ ಮುನ್ನಾದಿನ

ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನೂ ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ನೀಡುವ ಅಲೆಗಳ ಮುನ್ಸೂಚನೆಯನ್ನೂ ಗಮನಿಸಿ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಕಣದ ಮಾತು; ಕಡಲಿನಲ್ಲಿ ಗಾಳಿ ಬಂದಾಗ ದಡದಲ್ಲೇ ಉಳಿಯಬೇಕು. ಸಂದೇಹವಿದ್ದರೆ ಬಂದರಿನಲ್ಲಿ ಬಲೆ ಒಣಗಿಸುತ್ತಿರುವ ಮೀನುಗಾರರನ್ನು ಕೇಳಿ: "ನಾಳೆ ನೀವು ಕಡಲಿಗೆ ಇಳಿಯುತ್ತೀರಾ?" ಇಲ್ಲವೆಂದು ಅವರು ತಲೆಯಾಡಿಸಿದರೆ ನಿಮ್ಮ ಬಿಡುವಿನ ದಿನವನ್ನು, ಅದಕ್ಕೆಂದು ತೆಗೆದಿಟ್ಟ 20 ಸಾವಿರವನ್ನು ಬಳಸುವ ಸಮಯ ಬಂದಿತೆಂದು ತಿಳಿಯಿರಿ.